ಕಡೂರಿಗೆ ಬಂದ ಕಡಲು

ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡನ್ನು ನೀವು ಯಾವಾಗಲಾದರೂ ಪೂರ್ತಿ ಓದಿದ್ದೀರಾ ಮಕ್ಕಳೇ? ಊರಿನ ಹೆಸರನ್ನು ಎಲ್ಲರೂ ಓದುತ್ತಾರೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿರುತ್ತದೆ. ಈ ಜಾಗ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ಅದು ಹೇಳುತ್ತದೆ. ನಮ್ಮ ಕಡೂರು 700 ಮೀಟರಿಗೂ ಮೇಲಿದೆ. ಮಳೆ ಕಡಿಮೆ ಬೀಳುವ ಬಯಲುಸೀಮೆ ಇದು. ಮದಗದ ಕೆರೆ ಕೋಡಿ ಬಿತ್ತಂತೆ ಎಂದರೆ ಗಾಡಿ ಕಟ್ಟಿಕೊಂಡು ನೋಡಲು ಹೋಗುವ ಜನ ನಾವು. ನಮಗೂ ಸಮುದ್ರಕ್ಕೂ ಇರುವ ನಂಟು ಬೋರ್ಡಿನ ಆ ಒಂದು ಸಾಲು ಮಾತ್ರ ಎಂದೇ ನಾನು ಬಹಳ ಕಾಲ ಅಂದುಕೊಂಡಿದ್ದೆ.

ಈಗ ನಮ್ಮ ಮನೆಯ ಹಜಾರದಲ್ಲಿ, ಟಿ.ವಿ.ಗೂ ದೇವರ ಮನೆಯ ಬಾಗಿಲಿಗೂ ನಡುವೆ, ಮೂರು ಅಡಿ ಸಮುದ್ರ ಇದೆ.

ಕೆಲವು ವಾರಗಳ ಹಿಂದೆ ಈ ಪುಟದಲ್ಲಿ ಬೆನ್ನ ಮೇಲೆ ಬಿಳಿ ಪಟ್ಟೆಯಿದ್ದ ಕೆಂಪು ಸೀಗಡಿಯ ಫೋಟೊ ನೋಡಿದಿರಲ್ಲ, ಅದನ್ನು ಯಾವ ಸಮುದ್ರದಲ್ಲಿ ತೆಗೆದಿರಿ ಎಂದು ಹಲವು ಮಕ್ಕಳು ಕೇಳಿದ್ದೀರಿ. ಇನ್ನು ಕೆಲವರು, ನಾವೂ ಅಂಥದ್ದನ್ನು ಸಾಕಬಹುದೇ ಎಂದಿದ್ದೀರಿ. ಎರಡಕ್ಕೂ ಒಟ್ಟಿಗೇ ಉತ್ತರ ಕೊಡುತ್ತೇನೆ. ಆದರೆ ಅದು ಶುರುವಾಗುವುದು ಒಂದು ತಪ್ಪಿನಿಂದ.

ಐದು ವರ್ಷದ ಹಿಂದೆ ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಮಲ್ಪೆಗೆ ಹೋಗಿದ್ದೆವು. ಮೊಮ್ಮಗಳು ಆಗ ಎರಡನೇ ಕ್ಲಾಸು. ದಡದಲ್ಲಿ ಶಂಖ ಆರಿಸುತ್ತಿದ್ದವಳು, "ತಾತ, ಈ ಶಂಖಕ್ಕೆ ಕಾಲಿದೆ!" ಎಂದು ಕೂಗಿದಳು. ನೋಡಿದರೆ ಸನ್ಯಾಸಿ ಏಡಿ. ಈ ಏಡಿಯ ಹಿಂಭಾಗ ಮೆತ್ತಗಿರುತ್ತದೆ. ಹಾಗಾಗಿ ಸತ್ತ ಬಸವನಹುಳುವಿನ ಖಾಲಿ ಶಂಖದೊಳಗೆ ಹೊಕ್ಕು, ಅದನ್ನು ಹೊತ್ತುಕೊಂಡೇ ತಿರುಗುತ್ತದೆ. ಮೈ ಬೆಳೆದ ಹಾಗೆ, ನಾವು ಬಾಡಿಗೆ ಮನೆ ಬದಲಾಯಿಸುವಂತೆ, ಇನ್ನೂ ದೊಡ್ಡ ಶಂಖ ಹುಡುಕಿಕೊಳ್ಳುತ್ತದೆ.

ಮನೆಗೆ ತೆಗೆದುಕೊಂಡು ಹೋಗೋಣ ಎಂದು ಹಟ ಹಿಡಿದಳು. ಸೊಸೆ ಬೇಡ ಎಂದಳು. "ಇರಲಿ ಬಿಡಮ್ಮ, ಮಗು ಆಸೆ ಪಡ್ತಿದೆ" ಎಂದವನು ನಾನು. ನೀರಿನ ಬಾಟಲಿಗೆ ಸಮುದ್ರದ ನೀರು ತುಂಬಿ ಏಡಿಯನ್ನು ಬಿಟ್ಟು, ಮುಚ್ಚಳ ಬಿಗಿ ಮಾಡಿದವನೂ ನಾನೇ. ಘಟ್ಟ ಹತ್ತುವಾಗ ಅದು ಓಡಾಡುತ್ತಲೇ ಇತ್ತು. ಬೆಳಿಗ್ಗೆ ಕಡೂರಿನಲ್ಲಿ ನೋಡಿದರೆ ಶಂಖದಿಂದ ಅರ್ಧ ಹೊರಗೆ ಬಂದು ಸತ್ತಿತ್ತು.

"ಉಪ್ಪು ನೀರೇ ಹಾಕಿದ್ವಲ್ಲ ತಾತ, ಯಾಕೆ ಸತ್ತೋಯ್ತು?"

ಬಿ.ಕಾಂ. ಓದಿ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನ ಬಳಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ನನಗೆ ನೆನಪಾದದ್ದು ನಮ್ಮ ಅಜ್ಜಂಪುರದ ಮನೆ. ಮಳೆಗಾಲದಲ್ಲಿ ಗುಂಡಿಯ ನೀರಿನಿಂದ ಹಾರ್ಲಿಕ್ಸ್ ಬಾಟಲಿಗೆ ಗೊದಮೊಟ್ಟೆ ತುಂಬಿಕೊಂಡು ಬರುತ್ತಿದ್ದೆ. ನಮ್ಮಮ್ಮ, "ತಂದೋನು ನೀನು, ಅದರ ಹೊಟ್ಟೆ ನೋಡ್ಕೊಳ್ಳೋನೂ ನೀನೇ. ಆಗಲ್ಲ ಅಂದ್ರೆ ಈಗಲೇ ಹೋಗಿ ಬಿಟ್ಟು ಬಾ" ಎನ್ನುತ್ತಿದ್ದರು. ಎಪ್ಪತ್ತರ ಹತ್ತಿರ ಬಂದರೂ ಆ ಮಾತು ನನಗೆ ಹತ್ತಿರಲಿಲ್ಲ.

ಏಡಿ ಯಾಕೆ ಸತ್ತಿತು ಎಂದು ತಿಳಿಯಲು ಓದತೊಡಗಿದೆ, ಬಲ್ಲವರನ್ನು ಕೇಳತೊಡಗಿದೆ. ಬಾಟಲಿಯಲ್ಲಿ ಇದ್ದಷ್ಟು ಪ್ರಾಣವಾಯು ಮುಗಿದಿತ್ತು, ನೀರು ಬಿಸಿಯಾಗಿತ್ತು, ಏಡಿಯ ಹೊಲಸು ಅದೇ ನೀರಿನಲ್ಲಿ ವಿಷವಾಗಿತ್ತು. ಇದನ್ನು ತಿಳಿಯುವ ಹೊತ್ತಿಗೆ ಒಂದು ತೊಟ್ಟಿ ಕಟ್ಟಿಯೇ ನೋಡಬೇಕು ಎನ್ನುವ ಹುಚ್ಚು ಹಿಡಿದಿತ್ತು. ನಾನು ಹೆಚ್ಚು ಕಾಲ ಕೆಲಸ ಮಾಡಿದ್ದು ತರೀಕೆರೆಯಲ್ಲಿ. ಅಲ್ಲಿನ ಒಂದು ಗಾಜಿನ ಅಂಗಡಿಯಲ್ಲಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಮಾಡಿಸಿದೆ. ಅಂಚಿನವರೆಗೆ ತುಂಬದೆ ಬಿಟ್ಟರೆ ಸುಮಾರು 170 ಲೀಟರ್ ನೀರು ಹಿಡಿಯುತ್ತದೆ.

ಇಲ್ಲಿ ನಿಮಗೊಂದು ಲೆಕ್ಕ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಹಾಗಾದರೆ 170 ಲೀಟರಿಗೆ ಎಷ್ಟು? ಹೌದು, ಹತ್ತಿರ ಹತ್ತಿರ ಆರು ಕಿಲೋ. ಅಡಿಗೆ ಉಪ್ಪು ಸುರಿದರೆ ಆಗುವುದಿಲ್ಲ. ಸಮುದ್ರದ ಲವಣದಲ್ಲಿ ಹೆಚ್ಚಿನ ಪಾಲು ಅದೇ ಆದರೂ ಉಳಿದ ಪಾಲಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಶಿಯಂ, ಸಲ್ಫೇಟ್ ಎಲ್ಲ ಸೇರಿರುತ್ತವೆ. ಅದಕ್ಕೆಂದೇ ತಯಾರಾದ ಲವಣದ ಪುಡಿ ಸಿಗುತ್ತದೆ. ಅದನ್ನು ಫಿಲ್ಟರ್ ಮಾಡಿದ ನೀರಿಗೆ ಬೆರೆಸಬೇಕು. ನಮ್ಮ ಕೊಳವೆಬಾವಿಯ ಗಡಸು ನೀರು ನಡೆಯುವುದಿಲ್ಲ. ಸರಿಯಾಗಿ ಬೆರೆತಿದೆಯೇ ಎಂದು ನೋಡಲು, ಡೇರಿಯಲ್ಲಿ ಹಾಲಿಗೆ ಬಿಡುವ ಲ್ಯಾಕ್ಟೋಮೀಟರಿನಂಥದ್ದೇ ಒಂದು ಗಾಜಿನ ಕಡ್ಡಿಯನ್ನು ನೀರಿನಲ್ಲಿ ತೇಲಿಬಿಡುತ್ತೇವೆ. ಅದು 1.025ರ ಆಸುಪಾಸು ತೋರಿಸಬೇಕು.

ಇನ್ನೊಂದು ವಿಷಯದಲ್ಲಿ ದೊಡ್ಡವರೂ ಎಡವುತ್ತಾರೆ. ಬೇಸಿಗೆಯಲ್ಲಿ ತೊಟ್ಟಿಯಿಂದ ದಿನಕ್ಕೆ ಎರಡು ಮೂರು ಲೀಟರ್ ನೀರು ಆವಿಯಾಗುತ್ತದೆ. ಕಡಿಮೆಯಾದಷ್ಟನ್ನು ಉಪ್ಪು ನೀರಿನಿಂದ ತುಂಬಬೇಕೋ, ಸಿಹಿ ನೀರಿನಿಂದಲೋ? ಸಿಹಿ ನೀರಿನಿಂದ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಉಪ್ಪು ನೀರನ್ನೇ ಹಾಕುತ್ತ ಹೋದರೆ ಚಕ್ರಬಡ್ಡಿ ಬೆಳೆದ ಹಾಗೆ ಉಪ್ಪು ಬೆಳೆಯುತ್ತದೆ.

ನೀರು ಸಿದ್ಧವಾದ ಕೂಡಲೇ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ಒಳ್ಳೆಯದಲ್ಲ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಅಪಾಯಕಾರಿಯಲ್ಲ, ಆಗಾಗ ಸ್ವಲ್ಪ ನೀರು ಬದಲಾಯಿಸಿದರೆ ಸಾಕು. ಹಿಂದೆ ಬ್ಯಾಂಕಿನಲ್ಲಿ ಒಂದು ಚೆಕ್ಕು ಎರಡು ಮೇಜು ದಾಟಿ ಕ್ಯಾಷ್ ಕೌಂಟರಿಗೆ ಬರುತ್ತಿದ್ದಂತೆಯೇ ಇದು. ಆದರೆ ಈ ಇಬ್ಬರು ಗುಮಾಸ್ತರು ಕಲ್ಲಿನ ಸಂದಿಯಲ್ಲಿ ನೆಲೆಸಿ ಕೆಲಸ ಶುರು ಮಾಡಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಖಾಲಿ ತೊಟ್ಟಿಗೆ ದೀಪ ಹಾಕಿ, ಪಂಪು ಓಡಿಸಿ, ಪ್ರತಿದಿನ ನೀರು ಪರೀಕ್ಷಿಸಿ ಲೆಡ್ಜರಿನಲ್ಲಿ ಬರೆದೆ. ಪಕ್ಕದ ಮನೆಯವರು ಬಂದು ನೋಡಿ, "ಏನ್ ಸಾರ್, ಬರೀ ನೀರು ಸಾಕಿದ್ದೀರಾ?" ಎಂದರು.

ಆಮೇಲೆ ಬಂದವು ಎರಡು ಕ್ಲೌನ್ ಮೀನು. 2003ರ ಸಿನಿಮಾದಿಂದ ನಿಮಗೆಲ್ಲ ನೀಮೋ ಎಂದು ಪರಿಚಯವಾದ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನು. ಇವು ಸಮುದ್ರದಲ್ಲಿ ಹಿಡಿದವಲ್ಲ, ಮರಿ ಮಾಡುವ ಕೇಂದ್ರದಲ್ಲಿ ಹುಟ್ಟಿದವು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಎಂದು ಕೊಚ್ಚಿಯಲ್ಲಿದೆ, 1947ರಲ್ಲಿ ಶುರುವಾದದ್ದು. ಮಂಗಳೂರು, ಕಾರವಾರಗಳಲ್ಲೂ ಅದರ ಕೇಂದ್ರಗಳಿವೆ. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲಿ ರೂಢಿಗೆ ತಂದವರು ಅದರ ವಿಜ್ಞಾನಿಗಳು. ಹೀಗೆ ಹುಟ್ಟಿದ ಮೀನು ತಂದರೆ ಸಮುದ್ರದ ಲೆಕ್ಕದಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ಕೆಂಪು ಸೀಗಡಿಯ ಮಾತು ಬೇರೆ. ಅದು ಸಮುದ್ರದಿಂದಲೇ ಬಂದದ್ದು, ಅದನ್ನು ನಾನು ಮುಚ್ಚಿಡುವುದಿಲ್ಲ. ಇದರ ಕಸುಬು ಕ್ಷೌರಿಕನದು. ಮೀನುಗಳು ಇದರ ಮುಂದೆ ಬಂದು ನಿಲ್ಲುತ್ತವೆ, ಇದು ಅವುಗಳ ಮೈಮೇಲಿನ ಹುಳುಹುಪ್ಪಟೆ ಆರಿಸಿ ತಿನ್ನುತ್ತದೆ. ಕೊನೆಗೆ ಬಂದ ಜೋಡಿ ಪಿಸ್ತೂಲ್ ಸೀಗಡಿ ಮತ್ತು ಗೋಬಿ ಮೀನು. "ಗೋಬಿ ಮಂಚೂರಿನಾ ತಾತ?" ಎಂದು ಮೊಮ್ಮಗಳು ನಕ್ಕಳು. ಈ ಸೀಗಡಿಗೆ ಕಣ್ಣು ಮಂದ. ದಿನವಿಡೀ ಮರಳಿನಲ್ಲಿ ಬಿಲ ತೋಡುತ್ತದೆ. ಗೋಬಿ ಬಿಲದ ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಸೀಗಡಿ ತನ್ನ ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಹೊರಗೆ ಬರುತ್ತದೆ. ಗೋಬಿ ಬಾಲ ಅದುರಿಸಿದರೆ ಇಬ್ಬರೂ ಒಳಗೆ. ಸೀಗಡಿಯ ಒಂದು ಕೊಂಬು ದೊಡ್ಡದು. ಅದನ್ನು ಎಷ್ಟು ಜೋರಾಗಿ ಮುಚ್ಚುತ್ತದೆ ಎಂದರೆ ನೀರಿನಲ್ಲಿ ಗುಳ್ಳೆಯೆದ್ದು, ಅದು ಕುಸಿದಾಗ ಟಕ್ ಎನ್ನುತ್ತದೆ. ಮೊದಲ ರಾತ್ರಿ ಆ ಸದ್ದು ಕೇಳಿ ನಮ್ಮಾಕೆ, "ಗಾಜು ಒಡೀತು ರೀ!" ಎಂದು ಎದ್ದು ಕೂತಿದ್ದಳು.

ಸನ್ಯಾಸಿ ಏಡಿ ತರೋಣವೇ ಎಂದು ಕೇಳಿದೆ. ಮೊಮ್ಮಗಳು ಬೇಡ ಎಂದಳು. ಕಡಲಕುದುರೆ, ಹವಳ ಬೇಕು ಎಂದು ಬರೆದ ಮಕ್ಕಳಿಗೂ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಕಡಲಕುದುರೆಗಳನ್ನೂ ಗಟ್ಟಿ ಹವಳಗಳನ್ನೂ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿ ಅದು. ನಮ್ಮ ಸಮುದ್ರದಿಂದ ಅವುಗಳನ್ನು ತೆಗೆಯುವುದು, ಮಾರುವುದು ಅಪರಾಧ. ನಮ್ಮ ತೊಟ್ಟಿಯಲ್ಲಿರುವುದು ಮನುಷ್ಯ ಮಾಡಿದ ಕೃತಕ ಕಲ್ಲು.

ಇನ್ನು ಫೋಟೊ. ನಮ್ಮ ಜಿಲ್ಲೆಯ ತೇಜಸ್ವಿಯವರು ಹಕ್ಕಿಗಳಿಗಾಗಿ ಕ್ಯಾಮೆರಾ ಹಿಡಿದು ಕಾಡಿನಲ್ಲಿ ಕಾಯುತ್ತಿದ್ದರು. ನಾವು ಹಜಾರದಲ್ಲಿ ಸ್ಟೂಲು ಹಾಕಿಕೊಂಡು ಕಾಯುತ್ತೇವೆ. ಗಾಜನ್ನು ಒಳಗೂ ಹೊರಗೂ ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು. ಕೋಣೆಯ ದೀಪ ಆರಿಸಬೇಕು, ಇಲ್ಲದಿದ್ದರೆ ಸೀಗಡಿಯ ಜೊತೆ ನಿಮ್ಮ ಮುಖವೂ ಬರುತ್ತದೆ. ಮೊಬೈಲನ್ನು ಗಾಜಿಗೆ ನೇರವಾಗಿ ಹಿಡಿಯಬೇಕು, ಓರೆಯಾದರೆ ಚಿತ್ರ ಕಲಸುತ್ತದೆ. ಫ್ಲ್ಯಾಷ್ ಬೇಡ, ಅದು ಗಾಜಿಗೆ ಹೊಡೆದು ಹಿಂದಕ್ಕೆ ಬರುತ್ತದೆ, ಮೀನಿಗೂ ಗಾಬರಿ. ಅಲೆ ಎಬ್ಬಿಸುವ ಪಂಪನ್ನು ಎರಡು ನಿಮಿಷ ನಿಲ್ಲಿಸಿದರೆ ಸಾಕು. ಕಿಟಕಿಯ ಬೆಳಕು ತಡೆಯಲು ಮೊಮ್ಮಗಳು ಕಂಡುಹಿಡಿದ ಉಪಾಯ ಅಜ್ಜಿಯ ಕರಿ ಕೊಡೆ. ಅದನ್ನು ಬೆನ್ನ ಹಿಂದೆ ಬಿಚ್ಚಿ ಹಿಡಿದು ಕೂರುವ ಕೆಲಸ ನನ್ನದು.

ಒಂದು ಬೆಳಿಗ್ಗೆ ಕೆಂಪು ಸೀಗಡಿ ಕಲ್ಲಿನ ಬುಡದಲ್ಲಿ ಮಗುಚಿ ಬಿದ್ದಿತ್ತು. ಕಾಲು, ಮೀಸೆ, ಕಣ್ಣು ಎಲ್ಲ ಹಾಗೇ ಇದೆ, ಅಲುಗಾಟವಿಲ್ಲ. ಲೆಡ್ಜರಿನಲ್ಲಿ "ಸೀಗಡಿ 1, ಸಾವು" ಎಂದು ಬರೆದೆ. ಮೊಮ್ಮಗಳು ಕಣ್ಣೊರೆಸಿಕೊಳ್ಳುತ್ತಲೇ ಕೊನೆಯದೊಂದು ಫೋಟೊ ತೆಗೆದಳು. ಅದನ್ನು ದೊಡ್ಡದು ಮಾಡಿ ನೋಡಿದವಳು, "ತಾತ, ಒಳಗೆ ಏನೂ ಇಲ್ಲ!" ಎಂದಳು. ಹೌದು, ಬರೀ ಚಿಪ್ಪು. ಬೆನ್ನಿನ ಬಳಿ ಒಂದು ಸೀಳು. ಸೀಗಡಿಯ ಚಿಪ್ಪು ಮೈಯ ಜೊತೆ ಬೆಳೆಯುವುದಿಲ್ಲ. ಬಿಗಿಯಾದಾಗ ಅದನ್ನು ಅಂಗಿಯ ಹಾಗೆ ಇಡಿಯಾಗಿ ಕಳಚಿ ಹೊರಗೆ ಬರುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಯಾರ ಕಣ್ಣಿಗೂ ಬೀಳದೆ ಅಡಗಿರುತ್ತದೆ. ಎರಡು ದಿನದ ಮೇಲೆ ಮೊದಲಿಗಿಂತ ಕೆಂಪಗೆ ಹೊರಗೆ ಬಂತು. ಲೆಡ್ಜರಿನ ಸಾಲಿಗೆ ಕೆಂಪು ಗೀಟು ಎಳೆದು ಸಹಿ ಹಾಕಿದೆ. ತಪ್ಪು ಎಂಟ್ರಿ ಹೊಡೆದುಹಾಕುವಾಗ ಅಷ್ಟು ಸಂತೋಷ ಬ್ಯಾಂಕಿನಲ್ಲಿ ಎಂದೂ ಆಗಿರಲಿಲ್ಲ.

ಎಲ್ಲ ಎಂಟ್ರಿಯೂ ಹಾಗೆ ಅಳಿಸಲು ಬರುವುದಿಲ್ಲ. ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆ. ಸಂಜೆ ಗಾಳಿಮಳೆ ಬಂದು ಎಲ್ಲೋ ಲೈನಿನ ಮೇಲೆ ಮರ ಬಿತ್ತು. ಯುಪಿಎಸ್ ನಾಲ್ಕು ಗಂಟೆ ಎಳೆದು ರಾತ್ರಿ ಹನ್ನೊಂದಕ್ಕೆ ನಿಂತಿತು. ಪಂಪು ನಿಂತರೆ ನೀರಿಗೆ ಗಾಳಿ ಸೇರುವುದಿಲ್ಲ. ಮೀನಿಗೆ ಮಾತ್ರವಲ್ಲ, ಆ ಗುಮಾಸ್ತ ಬ್ಯಾಕ್ಟೀರಿಯಗಳಿಗೂ ಉಸಿರು ಬೇಕು. ಬ್ಯಾಟರಿಯ ಚಿಕ್ಕ ಪಂಪೊಂದನ್ನು ತಂದಿಡಬೇಕು ಎಂದು ಎರಡು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೆ, ತಂದಿರಲಿಲ್ಲ. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು.

ನಮ್ಮಾಕೆಗೆ ಈ ತೊಟ್ಟಿ ಬಂದಾಗಿನಿಂದ ಕರೆಂಟ್ ಬಿಲ್ಲಿನದೇ ತಕರಾರು. ಆ ರಾತ್ರಿ ಅವಳೇ ದೇವರ ಮನೆಯಿಂದ ತಾಮ್ರದ ಚೆಂಬು ಹಿಡಿದು ಬಂದಳು. "ತಾಮ್ರ ಬೇಡ!" ಎಂದು ಕೂಗಿದೆ. ತಾಮ್ರದ ಅಂಶ ಸೀಗಡಿಗೆ ವಿಷ. ಸ್ಟೀಲಿನ ಚೆಂಬು ತಂದಳು. ನೀರು ಮೊಗೆದು ಮೊಣಕೈ ಎತ್ತರದಿಂದ ಅದೇ ತೊಟ್ಟಿಗೆ ಸುರಿಯುವುದು. ಕಾಫಿ ಆರಿಸಿದ ಹಾಗೆ. ಬೀಳುವ ನೀರಿನ ಜೊತೆ ಗಾಳಿ ಸೇರುತ್ತದೆ. ಅರ್ಧ ಗಂಟೆ ಅವಳು, ಅರ್ಧ ಗಂಟೆ ನಾನು. ಎರಡು ಗಂಟೆಯ ಹೊತ್ತಿಗೆ, "ನಿಮಗೆ ಬಿ.ಪಿ. ಇದೆ, ಮಲ್ಕೊಳ್ಳಿ ರೀ, ನಾನು ಹುಯ್ತೀನಿ" ಎಂದಳು. ನಾನು ಕುರ್ಚಿಯಲ್ಲೇ ನಿದ್ದೆ ಹೋದೆ. ಕರೆಂಟು ಬಂದದ್ದು ಬೆಳಗಿನ ಐದೂವರೆಗೆ. ಕಣ್ಣು ಬಿಟ್ಟಾಗ ಅವಳ ಸೆರಗೆಲ್ಲ ಉಪ್ಪು ನೀರು, ಚೆಂಬು ಇನ್ನೂ ಕೈಯಲ್ಲೇ ಇತ್ತು. ಎಲ್ಲ ಉಳಿದಿದ್ದವು, ದೊಡ್ಡ ಕ್ಲೌನ್ ಮೀನೊಂದನ್ನು ಬಿಟ್ಟು. ಅದು ಮರಳಿನ ಮೇಲೆ ಮಲಗಿತ್ತು. ಮೊಮ್ಮಗಳು ಬೈಯಲಿಲ್ಲ, ಅಳಲೂ ಇಲ್ಲ. "ಬ್ಯಾಟರಿ ಪಂಪು ಇವತ್ತೇ ತರ್ತೀಯಾ ತಾತ?" ಎಂದಳು ಅಷ್ಟೇ. ತಂದೆ.

ಆಮೇಲೆ ಓದಿದ ಒಂದು ಸಂಗತಿ. 1846ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬ ಹೆಣ್ಣುಮಗಳು ಟಾರ್ಕಿ ಎಂಬ ಕಡಲೂರಿನಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ಒಯ್ದು ಮನೆಯಲ್ಲಿ ಬದುಕಿಸಿದಳು. ಆಗ ಕರೆಂಟೂ ಇಲ್ಲ, ಪಂಪೂ ಇಲ್ಲ. ಅವಳ ಮನೆಗೆಲಸದವಳು ದಿನವೂ ತೆರೆದ ಕಿಟಕಿಯ ಮುಂದೆ ನಿಂತು, ಪಾತ್ರೆಯಿಂದ ಪಾತ್ರೆಗೆ ಆ ನೀರನ್ನು ಸುರಿದು ಸುರಿದು ಗಾಳಿ ಕೂಡಿಸುತ್ತಿದ್ದಳಂತೆ. ಇದನ್ನು ನಮ್ಮಾಕೆಗೆ ಓದಿ ಹೇಳಿದೆ. "ಅವಳಿಗೆ ಸಂಬಳನಾದ್ರೂ ಇತ್ತು" ಎಂದಳು.

ಅದೇ ಇಂಗ್ಲೆಂಡಿನ ಇನ್ನೊಂದು ಕಥೆ ಅಷ್ಟು ಚೆನ್ನಾಗಿಲ್ಲ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗೆ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಜೀವವಿಜ್ಞಾನಿ "ದಿ ಅಕ್ವೇರಿಯಂ" ಎಂಬ ಪುಸ್ತಕ ಬರೆದ. ಪುಸ್ತಕ ಸೊಗಸಾಗಿತ್ತು, ಓದಿದವರಿಗೆಲ್ಲ ಹುಚ್ಚು ಹಿಡಿಯಿತು. ಜನ ಬುಟ್ಟಿ, ಜಾಡಿ ಹಿಡಿದು ಕಡಲ ದಡದ ಬಂಡೆಗುಂಡಿಗಳಿಗೆ ಮುಗಿಬಿದ್ದರು. ಅಪ್ಪ ಪ್ರೀತಿಯಿಂದ ತೋರಿಸಿಕೊಟ್ಟ ಆ ಗುಂಡಿಗಳು ಹೇಗೆ ಬರಿದಾದವು ಎಂದು ಅವನ ಮಗ ಎಡ್ಮಂಡ್ ಗಾಸ್ 1907ರ ತನ್ನ ಪುಸ್ತಕದಲ್ಲಿ ನೊಂದುಕೊಂಡು ಬರೆದಿದ್ದಾನೆ. ನಾನೂ ಈ ಪುಟದಲ್ಲಿ ಸೀಗಡಿಯ ಫೋಟೊ ಹಾಕಿಸಿದೆನಲ್ಲ, ನಿಮ್ಮ ಕಾಗದಗಳನ್ನು ನೋಡಿದಾಗ ಇದೇ ನೆನಪಾಗಿ ಸ್ವಲ್ಪ ಹೆದರಿಕೆಯಾಯಿತು.

ನಮ್ಮ ಒಂಟಿ ಕ್ಲೌನ್ ಮೀನಿನ ಕಥೆ ಮುಗಿಸಿಬಿಡುತ್ತೇನೆ. ಈ ಜಾತಿಯಲ್ಲಿ ಹುಟ್ಟುವಾಗ ಹೆಣ್ಣೇ ಇಲ್ಲ. ಬೆಳೆದು ಗುಂಪಿನ ಯಜಮಾನಿಕೆ ಹಿಡಿದ ಮೀನು ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಜೋಡಿಯಾಗಿದ್ದ ಗಂಡು ಹೆಣ್ಣಾಗುತ್ತದೆ. ನಾವು ಕಳೆದುಕೊಂಡದ್ದು ಹೆಣ್ಣನ್ನು. ಉಳಿದದ್ದಕ್ಕೆ ಜೊತೆಯಾಗಲಿ ಎಂದು ಮರಿ ಕೇಂದ್ರದ ಒಂದು ಚಿಕ್ಕ ಮೀನು ತಂದು ಬಿಟ್ಟೆ. ಒಂದೂವರೆ ವರ್ಷದ ಮೇಲೆ, ಒಂದು ಸಂಜೆ ಮೊಮ್ಮಗಳು ತೆಗೆದ ಫೋಟೊದಲ್ಲಿ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ರವೆ ಅಂಟಿಸಿದ ಹಾಗೆ ಏನೋ ಕಂಡಿತು. ಮೊಟ್ಟೆಗಳು! ಇಷ್ಟು ದಿನ ನಾವು "ಅವನು" ಎನ್ನುತ್ತಿದ್ದವನೇ ಇಟ್ಟದ್ದು. ಚಿಕ್ಕ ಮೀನು ಹಗಲೆಲ್ಲ ರೆಕ್ಕೆಯಿಂದ ಅವಕ್ಕೆ ಗಾಳಿ ಬೀಸುತ್ತಿತ್ತು. ಒಂದು ವಾರ ಕಳೆಯುವ ಹೊತ್ತಿಗೆ ಪ್ರತಿ ಮೊಟ್ಟೆಯೊಳಗೂ ಬೆಳ್ಳಿಯ ಚುಕ್ಕಿಯಂಥ ಎರಡು ಕಣ್ಣು ಕಾಣಿಸಿದವು. ಒಂದು ರಾತ್ರಿ ಎಲ್ಲ ಒಡೆದವು. ಅಷ್ಟು ಚಿಕ್ಕ ಮರಿಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಆಹಾರ, ಅದನ್ನು ಬೆಳೆಸುವ ವಿದ್ಯೆ ನಮ್ಮಲ್ಲಿರಲಿಲ್ಲ. ಒಂದೂ ಉಳಿಯಲಿಲ್ಲ. ಕಣ್ಣು ಕಂಡ ದಿನದ ಫೋಟೊ ಮಾತ್ರ ಲೆಡ್ಜರಿನಲ್ಲಿ ಅಂಟಿಸಿದ್ದೇವೆ.

ಈಗ ನಿಮ್ಮ ಪ್ರಶ್ನೆ, ಸಾಕಬಹುದೇ? ಮನೆಯಲ್ಲಿ ದಿನವೂ ಅರ್ಧ ಗಂಟೆ ಕೊಡುವ ದೊಡ್ಡವರೊಬ್ಬರು, ಆರು ವಾರ ಬರೀ ನೀರು ನೋಡುವ ತಾಳ್ಮೆ, ಕರೆಂಟು ಹೋದ ರಾತ್ರಿ ಚೆಂಬು ಹಿಡಿಯುವ ಇನ್ನೊಬ್ಬರು, ಇಷ್ಟಿದ್ದರೆ ಮರಿ ಕೇಂದ್ರದ ಎರಡು ಮೀನಿನಿಂದ ಶುರು ಮಾಡಿ. ಇಲ್ಲದಿದ್ದರೆ ಬೇಡ. ನನಗೂ ಮುಂದೆ ಕೈಲಾಗದ ದಿನ ಬರುತ್ತದೆ. ಈಗಿರುವ ಜೀವಗಳನ್ನು ನೋಡಿಕೊಳ್ಳುತ್ತೇನೆ, ಹೊಸದೊಂದನ್ನೂ ತರುವುದಿಲ್ಲ ಎಂದು ನಿರ್ಧರಿಸಿದ್ದೇನೆ.

ಕಳೆದ ಬೇಸಿಗೆಯಲ್ಲಿ ಮತ್ತೆ ಮಲ್ಪೆಗೆ ಹೋಗಿದ್ದೆವು. ಮೊಮ್ಮಗಳು ಈಗ ಏಳನೇ ಕ್ಲಾಸು. ನೀರು ಇಳಿದ ಹೊತ್ತಿನಲ್ಲಿ ಒಂದು ಸನ್ಯಾಸಿ ಏಡಿ ಕಂಡಿತು. ಅವಳು ಮರಳಿನ ಮೇಲೆ ಹೊಟ್ಟೆ ಊರಿ ಮಲಗಿ, ಅದರ ಕಣ್ಣಿನ ಮಟ್ಟಕ್ಕೆ ಮೊಬೈಲ್ ಹಿಡಿದು ಕಾಲು ಗಂಟೆ ಕಾದಳು. ನಾನು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದೆ. ಏಡಿ ಮೊದಲು ಮೀಸೆ, ಆಮೇಲೆ ಕಣ್ಣು, ಆಮೇಲೆ ಕಾಲು ಹೊರಗೆ ಚಾಚಿತು. ಅವಳು ಮೂರು ಫೋಟೊ ತೆಗೆದಳು. ಏಡಿ ನಡೆದುಕೊಂಡು ನೀರಿಗೆ ಹೋಯಿತು. ಏಳುವ ಮುಂಚೆ, ಬೆಳಿಗ್ಗೆ ತಾನು ಜೇಬಿಗೆ ಹಾಕಿಕೊಂಡಿದ್ದ ಖಾಲಿ ಶಂಖ ಒಂದನ್ನು ತೆಗೆದು ಅಲ್ಲೇ ಇಟ್ಟಳು. "ಅದಕ್ಕೆ ಮುಂದೆ ದೊಡ್ಡ ಮನೆ ಬೇಕಾಗುತ್ತೆ ತಾತ" ಎಂದಳು.

ರಜೆಯಲ್ಲಿ ಕಡಲ ಕಡೆಗೆ ಹೋಗುವ ಮಕ್ಕಳೇ, ನೀವೂ ನೀರು ಇಳಿಯುವ ಹೊತ್ತು ಯಾವುದು ಎಂದು ಅಲ್ಲಿನ ಮೀನುಗಾರರನ್ನು ಕೇಳಿ, ದೊಡ್ಡವರ ಜೊತೆ ಹೋಗಿ, ಮಲಗಿ ನೋಡಿ. ಫೋಟೊ ತೆಗೆದರೆ ನನಗೂ ಒಂದು ಕಳಿಸಿ. ಬಾಟಲಿ ಮಾತ್ರ ಕುಡಿಯುವ ನೀರಿಗೆ ಇರಲಿ.